ಅದೇ ಆಲಿವಿನ್: ಜಜ್ಜಿದರೆ 8, ಕರಗಿಸಿದರೆ 40. ಭೂಮಿಯ ಆಳದ ಹೀಲಿಯಂ ಯಾವುದು?

ಬೆಣಚುಕಲ್ಲು (ಪ್ರಶ್ನೆ)

ಜ್ವಾಲಾಮುಖಿ ಶಿಲೆಗಳ ಜಡ ಅನಿಲಗಳ ಅಳತೆ ಪಟ್ಟಿಯೊಂದರಲ್ಲಿ ಒಂದು ಸಾಲು ತಲೆ ಕೆಡಿಸಿದೆ. ಹಾಟ್‌ಸ್ಪಾಟ್ (ಭೂಮಿಯ ಆಳದಿಂದ ಬಿಸಿ ಶಿಲೆ ಮೇಲೇರುವ ಜಾಗ) ದ್ವೀಪವೊಂದರ ಲಾವಾದಿಂದ ಆರಿಸಿದ ಆಲಿವಿನ್ ಎಂಬ ಹಸಿರು ಖನಿಜದ ಹರಳುಗಳು. ಕಲ್ಲು ಒಂದೇ. ಅರ್ಧ ಪಾಲನ್ನು ನಿರ್ವಾತದಲ್ಲಿ ಜಜ್ಜಿ ಅಳೆದಾಗ ಹೀಲಿಯಂ-3/ಹೀಲಿಯಂ-4 ಅನುಪಾತ 8.1 ಆರ್‌ಎ ಬಂದಿದೆ. ಉಳಿದ ಪಾಲನ್ನು ಕುಲುಮೆಯಲ್ಲಿ ಕರಗಿಸಿದಾಗ 40 ಆರ್‌ಎ! (ಆರ್‌ಎ ಅಂದರೆ ಗಾಳಿಯಲ್ಲಿರುವ ಅನುಪಾತ, 1.384 × 10⁻⁶. ಇದನ್ನೇ 1 ಎಂದು ಹಿಡಿದು ಉಳಿದದ್ದನ್ನು ಹೇಳುತ್ತಾರೆ.) ಹೀಲಿಯಂ-4ರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಗ್ರಾಂಗೆ 1 × 10⁻⁹ ಸಿಸಿ. ಲಾವಾದ ವಯಸ್ಸು ಸುಮಾರು 10,000 ವರ್ಷ, ಸ್ಥಳ ಸಮುದ್ರ ಮಟ್ಟಕ್ಕೆ ಹತ್ತಿರ. ಕಲ್ಲು ತೆಗೆದದ್ದು ಲಾವಾ ಹರಿವಿನ ಮೇಲ್ಮೈಯಿಂದ.

ನನ್ನ ಗೊಂದಲ ಮೂರು. ಯಾವ ಸಂಖ್ಯೆಯನ್ನು ನಂಬಬೇಕು? ಉಕ್ಕಿ ಹರಿದ ಲಾವಾದಲ್ಲಿ ಆಳದ ಅನಿಲ ಉಳಿಯುವುದಾದರೂ ಹೇಗೆ, ಅಳೆಯುತ್ತಿರುವುದು ಹೊರಗಿನ ಗಾಳಿಯನ್ನಲ್ಲ ಎಂದು ಗೊತ್ತಾಗುವುದು ಹೇಗೆ? ಕೊನೆಯದು, ಅನುಪಾತ ಹೆಚ್ಚಿದ್ದರೆ "ಭೂಮಿ ಹುಟ್ಟಿದಾಗಿನ ಅನಿಲ, ತಿರುಳಿನ ಹತ್ತಿರದಿಂದ ಬಂದದ್ದು" ಎನ್ನುತ್ತಾರಲ್ಲ, ಅಷ್ಟು ದೂರ ಹೋಗಲು ಹೀಲಿಯಂ ಒಂದೇ ಸಾಕೇ?

ಹಸಿರುಹರಳು

ಜಜ್ಜಿದ್ದನ್ನು ನಂಬಿ. 40 ಎಂಬುದು ಭೂಮಿಯ ಒಳಗಿನಿಂದ ಬಂದದ್ದಲ್ಲ, ಆಕಾಶದಿಂದ ಬಂದದ್ದು. ನೀವೇ ಕೊಟ್ಟ ಅಂಕಿಗಳಿಂದ ಲೆಕ್ಕ ಹಾಕಿದರೆ ಸಾಕು.

1 ಸಿಸಿ ಅನಿಲದಲ್ಲಿ 2.69 × 10¹⁹ ಪರಮಾಣುಗಳು. ಹಾಗಾಗಿ ಗ್ರಾಂ ಆಲಿವಿನ್‌ನಲ್ಲಿ ಹೀಲಿಯಂ-4 ಪರಮಾಣುಗಳು 2.69 × 10¹⁰. 8 ಆರ್‌ಎ ಎಂದರೆ 1.1 × 10⁻⁵. ಗುಣಿಸಿದರೆ ಮ್ಯಾಂಟಲ್‌ನಿಂದ (ಭೂಮಿಯ ಹೊರಚಿಪ್ಪು ಮತ್ತು ತಿರುಳಿನ ನಡುವಿನ ಪದರ) ಬಂದ ಹೀಲಿಯಂ-3 ಗ್ರಾಂಗೆ ಬರೀ 3 ಲಕ್ಷ ಪರಮಾಣು. ಇನ್ನು ವಿಶ್ವಕಿರಣಗಳು ಕಲ್ಲಿಗೆ ಬಡಿದು ಹರಳಿನೊಳಗೇ ಹೀಲಿಯಂ-3 ಹುಟ್ಟಿಸುತ್ತವೆ. ಸಮುದ್ರ ಮಟ್ಟದಲ್ಲಿ, ಧ್ರುವಗಳ ಕಡೆಯ ಅಕ್ಷಾಂಶಗಳಲ್ಲಿ, ಆಲಿವಿನ್‌ಗೆ ಇದು ಗ್ರಾಂಗೆ ವರ್ಷಕ್ಕೆ 100ರಿಂದ 120 ಪರಮಾಣು. 10,000 ವರ್ಷ ಬಿಸಿಲಿಗೆ ಬಿದ್ದಿದ್ದ ಕಲ್ಲಿಗೆ 12 ಲಕ್ಷದವರೆಗೆ. ಎರಡೂ ಕೂಡಿದರೆ 15 ಲಕ್ಷ. ಅದನ್ನು 2.69 × 10¹⁰ರಿಂದ ಭಾಗಿಸಿ ಆರ್‌ಎಗೆ ತಿರುಗಿಸಿ: 40. ನಿಮ್ಮ ಪಟ್ಟಿಯಲ್ಲಿರುವ ಸಂಖ್ಯೆಯೇ ಕೈಗೆ ಬಂತು. ಸಮಭಾಜಕದ ಕಡೆ ಹೋದರೆ ದರ ಕಡಿಮೆ, ಬೆಟ್ಟ ಹತ್ತಿದರೆ ಹಲವು ಪಟ್ಟು ಹೆಚ್ಚು. ಹಾಗಾಗಿ ಎತ್ತರದ ಜ್ವಾಲಾಮುಖಿಯ ನೆತ್ತಿಯ ಕಲ್ಲನ್ನು ಕರಗಿಸಿ "ಆದಿಮ ಹೀಲಿಯಂ" ಘೋಷಿಸುವವರನ್ನು ಕಂಡರೆ ಒಂದು ಹೆಜ್ಜೆ ಹಿಂದೆ ನಿಲ್ಲುವುದು ಒಳ್ಳೆಯದು.

ಜಜ್ಜಿದಾಗ ಈ ತೊಂದರೆ ಯಾಕಿಲ್ಲ ಅಂದರೆ, ಎರಡು ಹೀಲಿಯಂಗಳ ಮನೆ ಬೇರೆ ಬೇರೆ. ಆಳದ ಅನಿಲ ಹರಳಿನೊಳಗೆ ಸಿಕ್ಕಿಬಿದ್ದ ಇಂಗಾಲದ ಡೈಆಕ್ಸೈಡಿನ ಗುಳ್ಳೆಗಳಲ್ಲಿ, ಗಾಜಿನ ಹನಿಗಳಲ್ಲಿ ಇರುತ್ತದೆ. ಹರಳು ಒಡೆದರೆ ಗುಳ್ಳೆ ಒಡೆದು ಅನಿಲ ಹೊರಬರುತ್ತದೆ. ವಿಶ್ವಕಿರಣದ ಹೀಲಿಯಂ ಹರಳಿನ ಜಾಲರಿಯಲ್ಲೇ ಕೂತಿರುತ್ತದೆ, ಕರಗಿಸಿದರೆ ಮಾತ್ರ ಪೂರ್ತಿ ಬಿಡುತ್ತದೆ. ಆದರೆ ಜಜ್ಜುವವರ ಕೈ ಭಾರವಾದರೂ ಕೆಟ್ಟಿತು. ಹಿಟ್ಟಾಗುವ ತನಕ ಕುಟ್ಟಿದರೆ ಜಾಲರಿಯ ಹೀಲಿಯಂ ಕೂಡ ಸೋರತೊಡಗುತ್ತದೆ. ಅದಕ್ಕೇ ಎರಡು ಕಂತಿನಲ್ಲಿ ಜಜ್ಜಬೇಕು: ಮೊದಲ ಕಂತು ಕೆಲವೇ ಹೊಡೆತ, ಅಳತೆ, ಎರಡನೆಯದು ಇನ್ನಷ್ಟು ಹೊಡೆತ, ಮತ್ತೆ ಅಳತೆ. ಎರಡನೆಯ ಸಲ ಅನುಪಾತ ಏರಿದರೆ ಸೋರಿಕೆ ಶುರುವಾಗಿದೆ ಎಂದರ್ಥ, ಮೊದಲ ಕಂತನ್ನೇ ಇಟ್ಟುಕೊಳ್ಳಿ.

ಕಲ್ಲು ತೆಗೆಯುವಾಗಲೇ ಎಚ್ಚರಿಕೆ ವಹಿಸಿದರೆ ಇಷ್ಟೆಲ್ಲ ಬೇಡ. ವಿಶ್ವಕಿರಣಗಳ ಪ್ರಭಾವ ಬಸಾಲ್ಟಿನಲ್ಲಿ (ಲಾವಾ ತಣಿದು ಆದ ಕಪ್ಪು ಶಿಲೆ) ಪ್ರತಿ 55 ಸೆಂ.ಮೀ. ಆಳಕ್ಕೆ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. 2 ಮೀಟರ್ ಕೆಳಗೆ ಶೇ 3 ಉಳಿದೀತು. ಇತ್ತೀಚೆಗೆ ಕಡಿದ ರಸ್ತೆ ಬದಿಯ ಗೋಡೆ, ಕಲ್ಲುಗಣಿಯ ತಳ, ಸಮುದ್ರದ ತಳ ಇಂಥ ಕಡೆಯಿಂದ ತೆಗೆದದ್ದು ಉತ್ತಮ.

ಉಲ್ಟಾ ತಪ್ಪೂ ಇದೆ, ಹಳೆಯ ಲಾವಾಗಳಲ್ಲಿ. ಯುರೇನಿಯಂ-238 ಸೀಸವಾಗುವಷ್ಟರಲ್ಲಿ 8 ಆಲ್ಫಾ ಕಣ ಉಗುಳುತ್ತದೆ, ಥೋರಿಯಂ-232 ಆರು. ಪ್ರತಿ ಆಲ್ಫಾ ಕಣವೂ ಒಂದು ಹೀಲಿಯಂ-4. ಯುರೇನಿಯಂ 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಪಾಲು), ಥೋರಿಯಂ 3 ಪಿಪಿಎಂ ಇರುವ ಲಾವಾದಲ್ಲಿ 10 ಲಕ್ಷ ವರ್ಷಕ್ಕೆ ಗ್ರಾಂಗೆ 5.5 × 10¹² ಹೀಲಿಯಂ-4 ಹುಟ್ಟುತ್ತದೆ, ನಿಮ್ಮ ಆಲಿವಿನ್‌ನಲ್ಲಿರುವುದರ 200 ಪಟ್ಟು. ಆಲಿವಿನ್‌ನೊಳಗೆ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಸುತ್ತಲಿನ ಲಾವಾದಿಂದ ಹಾರಿದ ಆಲ್ಫಾ ಕಣಗಳು ಹರಳಿನ ಅಂಚಿನ ಸುಮಾರು 20 ಮೈಕ್ರಾನ್‌ನಷ್ಟು ಒಳಹೊಕ್ಕು ಕೂರುತ್ತವೆ. ಹರಳುಗಳ ಅಂಚು ಉಜ್ಜಿ ತೆಗೆಯದೆ ಹಳೆಯ ಮಾದರಿ ಅಳೆದರೆ ಅನುಪಾತ ಸುಳ್ಳಾಗಿ ಕುಸಿಯುತ್ತದೆ.

ಅಂದಹಾಗೆ ಹಾಟ್‌ಸ್ಪಾಟ್ ಎಂದರೆ ಅನುಪಾತ ಹೆಚ್ಚೇ ಇರಬೇಕೆಂದಿಲ್ಲ, 8.1 ಬಂದಿದೆ ಎಂದು ಅದು ಹಾಟ್‌ಸ್ಪಾಟ್ ಅಲ್ಲ ಎನ್ನಬೇಡಿ. ಸೇಂಟ್ ಹೆಲೆನಾದಂಥ ದ್ವೀಪಗಳು 5–7 ಆರ್‌ಎ ತೋರಿಸುತ್ತವೆ. ಅಲ್ಲಿ ಮೇಲೆ ಬರುತ್ತಿರುವುದು ಹಿಂದೆಂದೋ ಮುಳುಗಿದ ಸಾಗರತಳದ ಶಿಲೆ. ಅದರಲ್ಲಿ ಯುರೇನಿಯಂ ಜಾಸ್ತಿ, ಹೀಗಾಗಿ ಹೀಲಿಯಂ-4 ಕೂಡ ಜಾಸ್ತಿ.

ನಿರ್ವಾತಕೊಳವೆ

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಲಾವಾ ನೆಲದ ಮೇಲೆ ಹರಿಯುವಷ್ಟರಲ್ಲಿ ಅದರ ಅನಿಲ ಬಹುಪಾಲು ಹೋಗಿಯೇ ಬಿಟ್ಟಿರುತ್ತದೆ ಎಂಬ ನಿಮ್ಮ ಅನುಮಾನ ಸರಿ. ಅದಕ್ಕೇ ನೆಲದ ಲಾವಾದಲ್ಲಿ ಶಿಲೆಯನ್ನು ಬಿಟ್ಟು ಆಲಿವಿನ್ ಹುಡುಕುತ್ತಾರೆ. ಆಲಿವಿನ್ ಆಳದಲ್ಲೇ, ಒತ್ತಡವಿರುವಾಗಲೇ ಹರಳುಗಟ್ಟಿ ಅನಿಲವನ್ನು ಒಳಗೆ ಮುಚ್ಚಿಕೊಂಡಿರುತ್ತದೆ. ಲಾವಾ ನಿಧಾನ ತಣಿದರೆ ಆ ಹೀಲಿಯಂ ಕೂಡ ಹರಳಿನಿಂದ ಜಾರಿಹೋಗುತ್ತದೆ. ದಪ್ಪ ಹರಿವಿನ ನಡುಭಾಗಕ್ಕಿಂತ ಥಟ್ಟನೆ ತಣಿದ ಅಂಚು ಅಥವಾ ಹಾರಿಬಿದ್ದ ಕಿಟ್ಟದ ತುಣುಕು ಮೇಲು.

ಸಮುದ್ರದ ತಳದಲ್ಲಿ ಬೇರೆಯೇ ಅನುಕೂಲ. 2–3 ಕಿ.ಮೀ. ನೀರಿನಡಿ 200–300 ಬಾರ್ ಒತ್ತಡವಿರುತ್ತದೆ, ಗುಳ್ಳೆಗಳು ಪೂರ್ತಿ ಬಿಡುಗಡೆಯಾಗುವುದಿಲ್ಲ, ತಣ್ಣೀರು ತಗುಲಿದ ದಿಂಬಿನಾಕಾರದ ಲಾವಾದ ಹೊರಮೈ ಕ್ಷಣದಲ್ಲಿ ಗಾಜಾಗುತ್ತದೆ. ಅಟ್ಲಾಂಟಿಕ್ ನಡುವಿನ ಏಣಿನ (ಸಾಗರತಳದ ಪರ್ವತಸಾಲಿನ) ಮೇಲೆ, 14 ಡಿಗ್ರಿ ಉತ್ತರದ ಬಳಿ ಎತ್ತಿದ ಒಂದು ಬಸಾಲ್ಟ್ ಇದರ ಅತಿರೇಕದ ಉದಾಹರಣೆ. ಅದರ ಗುಳ್ಳೆಗಳೊಳಗಿನ ಒತ್ತಡ ಎಷ್ಟಿತ್ತೆಂದರೆ ಹಡಗಿನ ಮೇಲೆ ಕಲ್ಲು ಪಟಪಟ ಸಿಡಿಯುತ್ತಿತ್ತು. ಮ್ಯಾಂಟಲ್‌ನ ಮೇಲ್ಭಾಗದ ಅನಿಲಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಆ ಒಂದು ಕಲ್ಲಿನ ಋಣ.

ಎಷ್ಟು ಅನಿಲ ತಪ್ಪಿಸಿಕೊಂಡಿದೆ ಎಂದು ಅಂದಾಜಿಸಲು ಹೀಲಿಯಂ-4/ಆರ್ಗಾನ್-40 ನೋಡಿ. ಗಾಳಿಯ ಆರ್ಗಾನ್ ಕಳೆದ ಮೇಲೆ ಮ್ಯಾಂಟಲ್‌ನಲ್ಲಿ ಈ ಅನುಪಾತ 2–4ರ ಆಸುಪಾಸು ಇರಬೇಕು. ಕರಗಿದ ಬಸಾಲ್ಟಿನಲ್ಲಿ ಹೀಲಿಯಂ ಆರ್ಗಾನ್‌ಗಿಂತ ಸುಮಾರು 10 ಪಟ್ಟು ಹೆಚ್ಚು ಕರಗುತ್ತದೆ, ಗುಳ್ಳೆಯ ಜೊತೆ ಓಡಿಹೋಗುವುದು ಮೊದಲು ಆರ್ಗಾನ್. ಹಾಗಾಗಿ 20, 50 ಎಂಬಂಥ ಸಂಖ್ಯೆ ಕಂಡರೆ ಆ ಶಿಲಾಪಾಕ (ಕರಗಿದ ಶಿಲೆ, ಮ್ಯಾಗ್ಮಾ) ಬಹಳಷ್ಟು ಅನಿಲ ಕಳೆದುಕೊಂಡಿದೆ. ಆಗಲೂ ಹೀಲಿಯಂ-3/ಹೀಲಿಯಂ-4 ಬಹುತೇಕ ಕೆಡುವುದಿಲ್ಲ, ಪ್ರಮಾಣ ಮಾತ್ರ ಕೆಡುತ್ತದೆ.

ಈಗ ಗಾಳಿಯ ಕಾಟ. ಗಾಳಿಯಲ್ಲಿ ಹೀಲಿಯಂ 5.24 ಪಿಪಿಎಂ ಮಾತ್ರ, ಆರ್ಗಾನ್ ಶೇ 0.93. ಅಂದರೆ ಬಿರುಕಿನಲ್ಲಿ ಅಡಗಿದ ಚೂರು ಗಾಳಿ ಹೀಲಿಯಂಗೆ ಏನೂ ಮಾಡದು, ಆರ್ಗಾನನ್ನು ಮುಳುಗಿಸಿಬಿಡುತ್ತದೆ. ಆರ್ಗಾನ್-40/ಆರ್ಗಾನ್-36 ಗಾಳಿಯಲ್ಲಿ 298.56. ಮ್ಯಾಂಟಲ್‌ನದು 30,000 ಎಂದಿಟ್ಟುಕೊಳ್ಳಿ, ನಿಮ್ಮ ಅಳತೆ 5,000 ಬಂತು. ಆಗ ಒಳಗಿರುವ ಆರ್ಗಾನ್-36ರಲ್ಲಿ ಶೇ 84 ಗಾಳಿಯದ್ದೇ. 5,000ವನ್ನು ಮ್ಯಾಂಟಲ್‌ನ ಸಂಖ್ಯೆ ಎಂದು ಬರೆದರೆ ಕತೆ ಮುಗಿಯಿತು.

ಪಾರಾಗುವ ದಾರಿ ನಿಯಾನ್. ಗಾಜನ್ನು ಒಂದೇ ಸಲ ಜಜ್ಜದೆ 10–30 ಕಂತಿನಲ್ಲಿ ಜಜ್ಜಿ, ಪ್ರತಿ ಕಂತಿನ ನಿಯಾನ್ ಮತ್ತು ಆರ್ಗಾನ್ ಎರಡನ್ನೂ ಅಳೆಯಿರಿ. ನಿಯಾನ್-20/ನಿಯಾನ್-22 ಗಾಳಿಯಲ್ಲಿ 9.8, ನಡುಸಾಗರದ ಏಣಿನಡಿಯ ಮ್ಯಾಂಟಲ್‌ನಲ್ಲಿ ಸುಮಾರು 12.5. ಗಾಳಿ ಬೆರೆತ ಕಂತುಗಳು 9.8ರ ಕಡೆ ವಾಲುತ್ತವೆ, ಸ್ವಚ್ಛ ಕಂತುಗಳು ಮೇಲಕ್ಕೆ ಹೋಗುತ್ತವೆ. ಆರ್ಗಾನ್ ಅನುಪಾತವನ್ನು ಇದರ ಎದುರು ಗುರುತಿಸಿ, ಬಾಗಿದ ಗೆರೆ ಎಳೆದು 12.5ರ ತನಕ ಚಾಚಿದರೆ ಗಾಳಿಯಿಲ್ಲದ ಬೆಲೆ ಸಿಗುತ್ತದೆ. ಗೆರೆ ನೇರವಾಗಿರಬೇಕಿಲ್ಲ, ಬಾಗುತ್ತದೆ. ನೇರ ಗೆರೆ ಎಳೆದರೆ ಎಡವುತ್ತೀರಿ.

ಉಪಕರಣದ ಕಡೆ ತಪ್ಪುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಹರಳುಗಳನ್ನು ಸೂಕ್ಷ್ಮದರ್ಶಕದಡಿ ಕೈಯಲ್ಲೇ ಆರಿಸಿ, ಅಸಿಟೋನ್‌ನಲ್ಲಿ ಅಲ್ಟ್ರಾಸೋನಿಕ್ ಸ್ನಾನ ಮಾಡಿಸಿ, ಕೊಳವೆಗೆ ಹಾಕಿ ನಿರ್ವಾತದಲ್ಲಿ 100–150 ಡಿಗ್ರಿಯಲ್ಲಿ ಒಂದು ರಾತ್ರಿ ಕಾಯಿಸಬೇಕು. ಮೇಲ್ಮೈಗೆ ಅಂಟಿದ ಗಾಳಿ ಹೋಗಲಿಕ್ಕೆ ಅಷ್ಟು ಸಾಕು. ಜಜ್ಜಿ ಬಂದ ಅನಿಲದಲ್ಲಿ ಮುಕ್ಕಾಲಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕ. ಅದನ್ನು 700–800 ಡಿಗ್ರಿಗೆ ಕಾದ ಟೈಟೇನಿಯಂ ಸ್ಪಂಜು ನುಂಗುತ್ತದೆ. ಮುಖ್ಯ ಸಂಗತಿ, ಆಮೇಲೆ ಸ್ಪಂಜನ್ನು ತಣಿಸಬೇಕು. ಬಿಸಿಯಾಗಿರುವಾಗ ಅದು ಜಲಜನಕವನ್ನು ಹಿಡಿದಿಡುವುದಿಲ್ಲ. ಜಲಜನಕ ಉಳಿದರೆ ಅದರ ಒಂದು ಸಾದಾ ಪರಮಾಣು, ಒಂದು ಡ್ಯೂಟೀರಿಯಂ (ಭಾರ ಜಲಜನಕ) ಕೂಡಿದ ಅಣು ದ್ರವ್ಯರಾಶಿ 3.0219ರಲ್ಲಿ ಕಾಣಿಸುತ್ತದೆ, ಹೀಲಿಯಂ-3 ಇರುವುದು 3.0160ರಲ್ಲಿ. ಮಾಸ್ ಸ್ಪೆಕ್ಟ್ರೋಮೀಟರಿನ ಬೇರ್ಪಡಿಸುವ ಶಕ್ತಿ 500–600 ಇಲ್ಲದಿದ್ದರೆ ಎರಡೂ ಒಂದೇ ಶಿಖರವಾಗಿ ಕಂಡು ಹೀಲಿಯಂ-3 ಹೆಚ್ಚಾಗಿ ತೋರುತ್ತದೆ. ಆರ್ಗಾನ್ ಮತ್ತು ಅದಕ್ಕಿಂತ ಭಾರವಾದವನ್ನು ದ್ರವ ಸಾರಜನಕದಲ್ಲಿ ಮುಳುಗಿಸಿದ ಇದ್ದಿಲು ಹಿಡಿಯುತ್ತದೆ. ಹೀಲಿಯಂ, ನಿಯಾನ್ ಎರಡನ್ನೂ ಅದಕ್ಕಿಂತ ತಣ್ಣನೆಯ ಇದ್ದಿಲಿನಲ್ಲಿ ಕೂರಿಸಿ, ಮೊದಲು 35–40 ಕೆಲ್ವಿನ್‌ಗೆ ಏರಿಸಿ ಹೀಲಿಯಂ, ಆಮೇಲೆ 80ರ ಹತ್ತಿರಕ್ಕೆ ಏರಿಸಿ ನಿಯಾನ್ ಬಿಡಿಸುತ್ತಾರೆ.

ನಿಯಾನ್‌ನ ಶತ್ರು ಎರಡು: ಎರಡು ಆವೇಶ ಹೊತ್ತ ಆರ್ಗಾನ್-40 ಯಂತ್ರಕ್ಕೆ ಅರ್ಧ ತೂಕದ್ದಾಗಿ ಕಂಡು 20ರ ಮೇಲೆ ಹೋಗಿ ಕೂರುತ್ತದೆ, ಎರಡು ಆವೇಶದ ಇಂಗಾಲದ ಡೈಆಕ್ಸೈಡ್ 22ರ ಮೇಲೆ. ಮೊದಲನೆಯದನ್ನು ಬೇರ್ಪಡಿಸಲು 1,800ರಷ್ಟು ಶಕ್ತಿ ಸಾಕು, ಎರಡನೆಯದಕ್ಕೆ 6,200ಕ್ಕಿಂತ ಹೆಚ್ಚು ಬೇಕು. ಅಷ್ಟಿಲ್ಲದ ಯಂತ್ರದಲ್ಲಿ ಪ್ರತಿ ಅಳತೆಯಲ್ಲೂ 40 ಮತ್ತು 44ನ್ನು ಗಮನಿಸಿ ಕಳೆಯಲೇಬೇಕು.

ಬೆಣಚುಕಲ್ಲು

40 ಎಲ್ಲಿಂದ ಬಂತೆಂಬುದು ಈಗ ಸ್ಪಷ್ಟವಾಯಿತು, ಇಬ್ಬರಿಗೂ ಧನ್ಯವಾದ. ಹಾಗಾದರೆ ಜಜ್ಜಿ ತೆಗೆದ, ವಿಶ್ವಕಿರಣದ ಅನುಮಾನವಿಲ್ಲದ 30–60 ಆರ್‌ಎ ಅಳತೆಗಳ ಕತೆಯೇನು? ಅಲ್ಲಿ ಹೀಲಿಯಂ-3 ಹೆಚ್ಚಿದೆಯೋ ಅಥವಾ ಯುರೇನಿಯಂ ಕಡಿಮೆ ಇದ್ದು ಹೀಲಿಯಂ-4 ಹುಟ್ಟಿಲ್ಲವೋ? ಎರಡಕ್ಕೂ ಅನುಪಾತ ಒಂದೇ ಅಲ್ಲವೇ?

ಐವತ್ತನಾಲ್ಕು

ಸರಿಯಾದ ಜಾಗಕ್ಕೇ ಕೈಯಿಟ್ಟಿರಿ. ಹೀಲಿಯಂ ಒಂದರಿಂದಲೇ ಅವೆರಡನ್ನು ಬೇರ್ಪಡಿಸಲು ಆಗದು.

1969ರಲ್ಲೇ ಬ್ರಯಾನ್ ಕ್ಲಾರ್ಕ್, ಹಾರ್ಮನ್ ಕ್ರೇಗ್ ಮತ್ತು ಸಂಗಡಿಗರು ಪೆಸಿಫಿಕ್‌ನ ಆಳದ ನೀರಿನಲ್ಲಿ, ಸೋವಿಯತ್ ವಿಜ್ಞಾನಿ ಮಾಮಿರಿನ್ ಅವರ ತಂಡ ಕುರಿಲ್ ದ್ವೀಪಗಳ ಜ್ವಾಲಾಮುಖಿ ಅನಿಲದಲ್ಲಿ ಹೆಚ್ಚುವರಿ ಹೀಲಿಯಂ-3 ಕಂಡರು. ಭೂಮಿಯ ಒಳಗೆ ಹೀಲಿಯಂ-3 ಹೊಸದಾಗಿ ಹುಟ್ಟುವುದು ನಗಣ್ಯ, ಗಾಳಿಗೆ ಸೇರಿದ್ದು ಬಾಹ್ಯಾಕಾಶಕ್ಕೆ ಹಾರಿಹೋಗುತ್ತದೆ. ಆದ್ದರಿಂದ ಒಳಗಿನಿಂದ ಇಂದಿಗೂ ಸೋರುತ್ತಿರುವುದು ಭೂಮಿ ರೂಪುಗೊಂಡಾಗ ಸಿಕ್ಕಿಬಿದ್ದದ್ದೇ. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಹವಾಯಿಯ ಲೋಯಿಹಿ ಸಾಗರಶಿಖರದ 30ಕ್ಕೂ ಹೆಚ್ಚು, ಕೆನಡಾದ ಬ್ಯಾಫಿನ್ ದ್ವೀಪದ ಸುಮಾರು 6 ಕೋಟಿ ವರ್ಷ ಹಳೆಯ ಲಾವಾದ 50, 2023ರಲ್ಲಿ ಪ್ರಕಟವಾದ ಅಲ್ಲಿಯದೇ 67 ಆರ್‌ಎ ಇವುಗಳ ಅರ್ಥದಲ್ಲಿ.

ಕಡಿಮೆ ಯುರೇನಿಯಂ ವಾದಿಗಳ ಮಾತು ಹೀಗೆ: ಮ್ಯಾಂಟಲ್ ಕರಗಿದಾಗ ಹೀಲಿಯಂ ಯುರೇನಿಯಂನಷ್ಟು ಸುಲಭವಾಗಿ ದ್ರವಕ್ಕೆ ಹೋಗದಿದ್ದರೆ, ಕರಗದೆ ಉಳಿದ ಶಿಲೆಯಲ್ಲಿ ಹೀಲಿಯಂ ಇರುತ್ತದೆ, ಯುರೇನಿಯಂ ಇರುವುದಿಲ್ಲ. ಅಲ್ಲಿ ಹಳೆಯ ಅನುಪಾತ ಹೆಪ್ಪುಗಟ್ಟಿದಂತೆ ಉಳಿಯುತ್ತದೆ. ಆದಿಮ ಅನಿಲದ ಭಂಡಾರವೇ ಬೇಕಿಲ್ಲ. ಇವರಿಗೆ ಬಲ ಕೊಟ್ಟದ್ದು ಇನ್ನೊಂದು ವಿಚಿತ್ರ: "ಅನಿಲ ತುಂಬಿದ" ಮೂಲದಿಂದ ಬಂದವೆನ್ನುವ ಹಾಟ್‌ಸ್ಪಾಟ್ ಗಾಜುಗಳಲ್ಲಿ ಹೀಲಿಯಂ ಪ್ರಮಾಣ ನಡುಸಾಗರದ ಗಾಜುಗಳಿಗಿಂತ ಕಡಿಮೆ. ಆದರೆ ಅದಕ್ಕೆ ಉತ್ತರ ನಿರ್ವಾತಕೊಳವೆಯವರು ಹೇಳಿದ್ದರಲ್ಲೇ ಇದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಶಿಲಾಪಾಕ ಹೆಚ್ಚು ಗುಳ್ಳೆ ಕಟ್ಟುತ್ತದೆ, ಗುಳ್ಳೆಗಳು ಹೀಲಿಯಂನ್ನೂ ಹೊತ್ತೊಯ್ಯುತ್ತವೆ.

ವಾದ ತೀರುವುದು ನಿಯಾನ್‌ನಿಂದ ಸ್ವಲ್ಪ, ಕ್ಸೆನಾನ್‌ನಿಂದ ಬಹಳ. ನಿಯಾನ್-20 ಮತ್ತು 22 ಎರಡನ್ನೂ ಯುರೇನಿಯಂ ಬದಲಿಸುವುದಿಲ್ಲ ಎನ್ನಬಹುದು. ಐಸ್‌ಲ್ಯಾಂಡಿನ ಹಿಮದಡಿ ತಣಿದ ಗಾಜಿನಲ್ಲಿ ಈ ಅನುಪಾತ 12.88 ಸಿಕ್ಕಿದೆ, ನಡುಸಾಗರದ 12.5ಕ್ಕಿಂತ ಮೇಲೆ, ಸೌರಮಾರುತದ 13.8ರ ಕಡೆಗೆ. ಎರಡು ಮ್ಯಾಂಟಲ್ ಭಾಗಗಳ ನಿಯಾನ್ ಮೂಲದಲ್ಲೇ ಬೇರೆ ಎಂದಾಯಿತು. ಯುರೇನಿಯಂ ಕಡಿಮೆಯಿದ್ದ ಮಾತ್ರಕ್ಕೆ ಹೀಗಾಗದು.

ಕ್ಸೆನಾನ್-129 ಹುಟ್ಟುವುದು ಅಯೋಡಿನ್-129ರಿಂದ. ಅದರ ಅರ್ಧಾಯು 1.57 ಕೋಟಿ ವರ್ಷ. 10 ಕೋಟಿ ವರ್ಷ ಕಳೆದರೆ ಶೇ 1.2 ಮಾತ್ರ ಉಳಿಯುತ್ತದೆ. ಅಂದರೆ ಎರಡು ಜಾಗಗಳ ಕ್ಸೆನಾನ್-129ರಲ್ಲಿ ವ್ಯತ್ಯಾಸ ಹುಟ್ಟಬೇಕಿದ್ದರೆ ಭೂಮಿಯ ಮೊದಲ 10 ಕೋಟಿ ವರ್ಷದೊಳಗೇ ಹುಟ್ಟಬೇಕು, ಆಮೇಲೆ ಅವು ಒಂದರಲ್ಲೊಂದು ಪೂರ್ತಿ ಬೆರೆಯಬಾರದು. ಕ್ಸೆನಾನ್-129/ಕ್ಸೆನಾನ್-130 ಗಾಳಿಯಲ್ಲಿ 6.5, ಆ ಸಿಡಿಯುವ ಅಟ್ಲಾಂಟಿಕ್ ಬಸಾಲ್ಟಿನಲ್ಲಿ 7.5ಕ್ಕಿಂತ ಮೇಲೆ, ಐಸ್‌ಲ್ಯಾಂಡ್ ಗಾಜಿನಲ್ಲಿ 7ರ ಆಸುಪಾಸು. "ಐಸ್‌ಲ್ಯಾಂಡಿನದು ಗಾಳಿ ಬೆರೆತು ಇಳಿದದ್ದು" ಎಂದು ತಳ್ಳಿಹಾಕಬಹುದಿತ್ತು, ಯಾಕೆಂದರೆ ಸಾಗರತಳದೊಂದಿಗೆ ಗಾಳಿಯ ಕ್ಸೆನಾನ್ ಕೂಡ ಮ್ಯಾಂಟಲ್‌ಗೆ ಇಳಿಯುತ್ತದೆ. ಇಲ್ಲಿ ಪ್ಲುಟೋನಿಯಂ-244 ನೆರವಿಗೆ ಬರುತ್ತದೆ. ಅರ್ಧಾಯು ಸುಮಾರು 8 ಕೋಟಿ ವರ್ಷ, ಸೀಳಿದಾಗ 131ರಿಂದ 136ರವರೆಗಿನ ಕ್ಸೆನಾನ್‌ಗಳನ್ನು ತನ್ನದೇ ಪ್ರಮಾಣದಲ್ಲಿ ಹುಟ್ಟಿಸುತ್ತದೆ. ಯುರೇನಿಯಂ ಸೀಳಿಕೆಯ ಪ್ರಮಾಣ ಬೇರೆ. ಗಾಳಿಯ ಪಾಲು ಕಳೆದು, ಅಯೋಡಿನ್‌ನಿಂದ ಬಂದ 129ನ್ನು ಪ್ಲುಟೋನಿಯಂನಿಂದ ಬಂದ 136ಕ್ಕೆ ಹೋಲಿಸಿದರೆ ಎರಡೂ ಮೂಲಗಳು ಆಗಲೂ ಬೇರೆಯಾಗಿಯೇ ಉಳಿಯುತ್ತವೆ. 2012ರಲ್ಲಿ ಭೂರಸಾಯನ ವಿಜ್ಞಾನಿ ಸುಜಯ್ ಮುಖೋಪಾಧ್ಯಾಯ ಪ್ರಕಟಿಸಿದ ಐಸ್‌ಲ್ಯಾಂಡ್ ಅಳತೆಗಳು ತೋರಿಸಿದ್ದು ಇದನ್ನೇ: 445 ಕೋಟಿ ವರ್ಷದ ಹಿಂದೆಯೇ ಬೇರೆಯಾದ ಎರಡು ಭಾಗಗಳು ಮ್ಯಾಂಟಲ್‌ನಲ್ಲಿ ಇಂದಿಗೂ ಇವೆ. ಚಂದ್ರನನ್ನು ಹುಟ್ಟಿಸಿದ ಮಹಾಡಿಕ್ಕಿ ಕೂಡ ಮ್ಯಾಂಟಲನ್ನು ಪೂರ್ತಿ ಕಲಕಲಿಲ್ಲ ಎಂಬ ವಾದಕ್ಕೆ ಇದು ಆಧಾರ.

ಕಷ್ಟವೆಂದರೆ ಕ್ಸೆನಾನ್ ಅತಿ ಕಡಿಮೆ. ಹೀಲಿಯಂಗೆ ಗ್ರಾಂ ಸಾಕಾದರೆ ಇದಕ್ಕೆ ಹಲವು ಗ್ರಾಂ ಗಾಜು, ಹತ್ತಾರು ಕಂತು ಬೇಕು, ಅದರಲ್ಲೂ ಬಹುಪಾಲು ಕಂತುಗಳು ಗಾಳಿಯಿಂದ ಕೆಟ್ಟಿರುತ್ತವೆ.

ಹಸಿರುಹರಳು

ತಿರುಳಿನ ವಿಷಯ ಮಾತ್ರ ಬಾಕಿ. ಐವತ್ತನಾಲ್ಕು ಅವರು ಹೇಳಿದ್ದು ಮ್ಯಾಂಟಲ್ ಇಬ್ಭಾಗವೆಂಬುದನ್ನು ತೋರಿಸುತ್ತದೆ, 2,890 ಕಿ.ಮೀ. ಆಳದ ತಿರುಳಿನಿಂದ ಅನಿಲ ಬರುತ್ತಿದೆ ಎಂದು ತೋರಿಸುವುದಿಲ್ಲ. ಆಫ್ರಿಕಾ ಮತ್ತು ಪೆಸಿಫಿಕ್‌ನ ಕೆಳಗೆ, ಮ್ಯಾಂಟಲ್‌ನ ತಳದಲ್ಲಿ ಕಂಪನ ಅಲೆಗಳು ನಿಧಾನವಾಗುವ ಎರಡು ಬೃಹತ್ ರಾಶಿಗಳಿವೆ. ಹಳೆಯ ಅನಿಲ ಅಲ್ಲೇ ಅಡಗಿರಬಹುದು. ತಿರುಳಿನ ಪರ ಸಾಕ್ಷಿ ಟಂಗ್‌ಸ್ಟನ್. ಅರ್ಧಾಯು 89 ಲಕ್ಷ ವರ್ಷದ ಹಾಫ್ನಿಯಂ-182 ಕ್ಷಯಿಸಿ ಟಂಗ್‌ಸ್ಟನ್-182 ಆಗುತ್ತದೆ. ಹಾಫ್ನಿಯಂ ಮ್ಯಾಂಟಲ್‌ನಲ್ಲಿ ಉಳಿದದ್ದರಿಂದ ತಿರುಳಿನಲ್ಲಿ ಈ ಐಸೋಟೋಪಿನ ಕೊರತೆ ಇರಬೇಕು. 2017ರಲ್ಲಿ ಪ್ರಕಟವಾದ ಅಳತೆಗಳಲ್ಲಿ ಹೀಲಿಯಂ ಅನುಪಾತ ಹೆಚ್ಚಿದ್ದ ಹವಾಯಿ, ಸಮೋವಾ ಲಾವಾಗಳಲ್ಲೇ ಆ ಕೊರತೆ ಕಂಡಿತು. ಆಕರ್ಷಕ ಸಾಕ್ಷಿ. ಆದರೆ ಮ್ಯಾಂಟಲ್‌ನ ಆರಂಭದ ವಿಂಗಡಣೆಯಿಂದಲೂ ಅಂಥದು ಆಗಬಲ್ಲದು, ನನ್ನ ಮಟ್ಟಿಗೆ ಅದಿನ್ನೂ ತೆರೆದ ಪ್ರಶ್ನೆ.

ನಿಮ್ಮ ಪಟ್ಟಿಯಲ್ಲಿ ಜ್ವಾಲಾಮುಖಿ ಬಾಯಿಯಿಂದ ನೇರವಾಗಿ ಹಿಡಿದ ಅನಿಲದ ಸಾಲುಗಳಿದ್ದರೆ ಹೀಲಿಯಂ-4/ನಿಯಾನ್-20 ಕಾಲಂ ಮೊದಲು ನೋಡಿ. ಗಾಳಿಯಲ್ಲಿ ಅದು 0.318. ಮಾದರಿಯ ಬೆಲೆಯನ್ನು 0.318ರಿಂದ ಭಾಗಿಸಿ ಬಂದದ್ದು ಕ್ಷ ಎಂದಾದರೆ, ಅಳೆದ ಆರ್‌ಎಯನ್ನು ಕ್ಷದಿಂದ ಗುಣಿಸಿ 1 ಕಳೆದು, ಬಂದದ್ದನ್ನು ಕ್ಷ ಮೈನಸ್ 1ರಿಂದ ಭಾಗಿಸಿ. ಅಳತೆ 5 ಆರ್‌ಎ, ಕ್ಷ 3 ಇದ್ದರೆ ನಿಜವಾದ ಬೆಲೆ 7. ಕ್ಷ ಒಂದಕ್ಕೆ ಹತ್ತಿರವಿದ್ದರೆ ಈ ತಿದ್ದುಪಡಿ ಯಾವ ಸಂಖ್ಯೆಯನ್ನು ಬೇಕಾದರೂ ಕೊಡುತ್ತದೆ, ಅಂಥ ಸಾಲನ್ನು ಕೈಬಿಡಿ. ಮಾದರಿ ಎಂಥ ಪಾತ್ರೆಯಲ್ಲಿತ್ತು ಎಂಬುದನ್ನೂ ನೋಡಿ: ಸಾಮಾನ್ಯ ಬೋರೋಸಿಲಿಕೇಟ್ ಗಾಜಿನ ಮೂಲಕ ಹೀಲಿಯಂ ನುಸುಳುತ್ತದೆ. ತಿಂಗಳುಗಟ್ಟಲೆ ಅದರಲ್ಲಿಟ್ಟ ಮಾದರಿಗಿಂತ ಎರಡೂ ತುದಿ ಬಿಗಿಯಾಗಿ ಚಪ್ಪಟೆ ಮಾಡಿ ಮುಚ್ಚಿದ ತಾಮ್ರದ ಕೊಳವೆಯದ್ದನ್ನು ಆರಿಸಿಕೊಳ್ಳಿ.